ತಲೆದೂಗಿದ್ದೋ ತೂಕಡಿಸಿದ್ದೋ

ನಾರ್ತ್ ಕ್ಯಾರೊಲೈನಾದ ಕ್ಯಾರಿ ಎಂಬ ಊರಿನಲ್ಲಿ ಕಾತ್ಯಾಯಿನಿಯವರನ್ನು ಕಂಡು ಕ್ಯಾರೇ ಎನ್ನದೆ ಹೋಗುವ ಕನ್ನಡಿಗರಿಲ್ಲ. ಕಾರಣ, ಕಾರು. ಗಂಡ ಬೆಳಿಗ್ಗೆ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಆಫೀಸಿಗೆ ಹೊರಟರೆ ಸಂಜೆಯವರೆಗೂ ಕಿಟಕಿಯಾಚೆಯ ಪಾರ್ಕಿಂಗ್ ಲಾಟ್ ನೋಡುತ್ತ ಕೂತಿರುತ್ತಿದ್ದ ನಲವತ್ತಮೂರು ಹೆಣ್ಣುಮಕ್ಕಳಿಗೆ, ಇಪ್ಪತ್ತು ವರ್ಷಗಳಲ್ಲಿ, ಅವರು ಡ್ರೈವಿಂಗ್ ಕಲಿಸಿದ್ದಾರೆ. ಅದೇ ಪಾರ್ಕಿಂಗ್ ಲಾಟಿನಲ್ಲಿ.

ಅವರ ಪಾಠದ ಪದ್ಧತಿ ಅವರದೇ. ಮೊದಲ ದಿನವೇ ಕಪ್ ಹೋಲ್ಡರಿನಲ್ಲಿ ಒಂದು ಸ್ಟೀಲ್ ಲೋಟ ಇಡುತ್ತಾರೆ. ಅದರ ತುಂಬ ಮಜ್ಜಿಗೆ. "ಬ್ರೇಕನ್ನ ತುಳೀಬೇಡ ಕಣೇ, ಕೇಳ್ಕೋ. ನಿಂತ್ಕೊಳ್ಳಪ್ಪಾ ಅಂತ ನಯವಾಗಿ ಕೇಳ್ಕೋ," ಎನ್ನುತ್ತಾರೆ. ಮಜ್ಜಿಗೆ ತುಳುಕಿದರೆ ಸೀಟು ಒರೆಸುವ ಕೆಲಸ ಕಲಿಯುವವಳದು. ತುಳುಕದಿದ್ದರೆ ಪಾಠದ ಕೊನೆಗೆ ಕುಡಿಯುವ ಹಕ್ಕೂ ಅವಳದೇ. ಒಂದು ಗಂಟೆ ಓಡಿಸಿಯೂ ಲೋಟ ತುಂಬಿದಂತೇ ಉಳಿಸಿಕೊಂಡವಳು ರೋಡ್ ಟೆಸ್ಟಿನಲ್ಲಿ ಫೇಲಾದದ್ದಿಲ್ಲ.

ಕಾತ್ಯಾಯಿನಿಯವರು ತಾವು ಸ್ಟೀರಿಂಗ್ ಹಿಡಿದದ್ದು ಮಾತ್ರ ಗಂಡನ ದೆಸೆಯಿಂದ. ವೇಣುಗೋಪಾಲರಿಗೆ ಲೈಸೆನ್ಸ್ ಇಲ್ಲವೆಂದಲ್ಲ. ಊರೊಳಗೆ ಚೆನ್ನಾಗಿಯೇ ಓಡಿಸುತ್ತಾರೆ. ಆದರೆ ಓಡುವ ಗಾಡಿಗಳ ನಡುವೆ ನುಸುಳಿ ಹೈವೇಗೆ ಮರ್ಜ್ ಆಗುವುದನ್ನು ಮಾತ್ರ ಬೇರೆಯವರ ಮರ್ಜಿಗೆ ಬಿಟ್ಟುಬಿಡುತ್ತಾರೆ. ೧೯೮೭ರಲ್ಲಿ, ಅಮೆರಿಕಕ್ಕೆ ಬಂದ ಹೊಸತರಲ್ಲಿ, ಹೈವೇ ಸೇರುವ ರ್‍ಯಾಂಪಿನ ಕೊನೆಯಲ್ಲಿ ಗಾಡಿ ನಿಲ್ಲಿಸಿ, ಯಾರಾದರೂ "ಬನ್ನಿ ಸಾರ್" ಎಂದು ಕರೆಯುತ್ತಾರೇನೋ ಎಂಬಂತೆ ಹನ್ನೊಂದು ನಿಮಿಷ ಕಾದರು. ಹಿಂದೆ ಸಾಲುಗಟ್ಟಿದ್ದವರ ಹಾರ್ನು ಕೇಳಲಾರದೆ, ಪಕ್ಕದಲ್ಲಿ ಕೂತಿದ್ದ ಇಪ್ಪತ್ತೊಂಬತ್ತರ ಕಾತ್ಯಾಯಿನಿ ಆವತ್ತೇ ತೀರ್ಮಾನಿಸಿದರು: ಈ ದೇಶದಲ್ಲಿ ಎಲ್ಲಿಗಾದರೂ ತಲುಪಬೇಕೆಂದರೆ ಸೀಟು ಬದಲಾಗಬೇಕು. ಬದಲಾಯಿತು. ಮೂವತ್ತೇಳು ವರ್ಷಗಳಿಂದ ಅವರು ಓಡಿಸುತ್ತಾರೆ, ಇವರು ಮಾತಾಡುತ್ತಾರೆ. ವೇಣುಗೋಪಾಲರು ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಐವತ್ತು ನಿಮಿಷಕ್ಕೆ ಮೊದಲು ಯಾವ ವಿಷಯವನ್ನೂ ಮುಗಿಸುವ ಅಭ್ಯಾಸವಿಲ್ಲ.

ಹೀಗೆ ಸುಗಮವಾಗಿ ಸಾಗಿದ್ದ ಸಂಸಾರಕ್ಕೆ ೨೦೨೪ರ ಮಾರ್ಚಿನಲ್ಲಿ ಅಡ್ಡ ಬಂದದ್ದು ಒಂದು ಮೇಲ್‌ಬಾಕ್ಸ್. ಅದೂ ಸ್ವಂತದ್ದು.

ಕಾತ್ಯಾಯಿನಿ ಮನೆಯ ಡ್ರೈವ್‌ವೇಯಿಂದ ಹಳೆಯ ಕಾರನ್ನು ರಿವರ್ಸ್ ತೆಗೆಯುತ್ತಿದ್ದರು. ವೇಣುಗೋಪಾಲರು ಹಿಂದೆ ನಿಂತು ಕೈ ಬೀಸಿ ದಾರಿ ತೋರುತ್ತಿದ್ದರು. "ರೈಟ್, ರೈಟ್!" ಎಂದು ಕೂಗಿದರು. ಮೈಸೂರಿನ ಸಿಟಿ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಬಂದ ಯಾವ ಹೆಣ್ಣುಮಗಳಿಗೇ ಆಗಲಿ, ರೈಟ್ ರೈಟ್ ಎಂದರೆ ಒಂದೇ ಅರ್ಥ. ಹೋಗಲಿ, ಬಿಡು, ಹೊರಡು. ಕಾತ್ಯಾಯಿನಿ ಹೊರಟರು. ವೇಣುಗೋಪಾಲರ ಅರ್ಥದಲ್ಲಿ ರೈಟ್ ಎಂದರೆ ಬಲಗಡೆ. ಕಂಬದ ಮೇಲೆ ನಿಂತ ಮೇಲ್‌ಬಾಕ್ಸ್ ಇದ್ದದ್ದು ಎಡಗಡೆ. ಅದು ಯಾವ ಅರ್ಥಕ್ಕೂ ಕಾಯದೆ ಅಡ್ಡಬಿತ್ತು.

ವಿಷಯ ಅಟ್ಲಾಂಟದಲ್ಲಿದ್ದ ಮಗಳು ಮಾಯಾಳ ಕಿವಿಗೆ ಬೀಳುವ ಹೊತ್ತಿಗೆ "ಅಮ್ಮನಿಗೆ ಮೇಲ್‌ಬಾಕ್ಸ್ ಕಾಣಲಿಲ್ಲ" ಎಂದಾಗಿತ್ತು. ಹಾಗೆ ಹೇಳಿದವರು ವೇಣುಗೋಪಾಲರು. ತಾನು ಏನು ಕೂಗಿದೆ ಎಂಬುದನ್ನು ಅವರು ಹೇಳಲಿಲ್ಲ. ಕಾತ್ಯಾಯಿನಿಯೂ ಮಗಳ ಮುಂದೆ ಗಂಡನನ್ನು ಬಿಟ್ಟುಕೊಡಲಿಲ್ಲ.

ಮಾಯಾ ಇನ್ಶೂರೆನ್ಸ್ ಕಂಪನಿಯಲ್ಲಿ ಆಕ್ಸಿಡೆಂಟುಗಳ ಲೆಕ್ಕ ಹಾಕುವ ಕೆಲಸದಲ್ಲಿದ್ದಳು. ಅರವತ್ತಾರರ ಅಮ್ಮ ಎಂದರೆ ಅವಳಿಗೆ ಒಂದು ಗ್ರಾಫ್ ಕಾಣುತ್ತಿತ್ತು.

"ಅಮ್ಮಾ, ನಾನು ಮೀನ್ ಆಗಿ ಚುಚ್ಚೋಕೆ ಹೇಳ್ತಾ ಇಲ್ಲ. ಆದ್ರೆ ಯು ಹಿಟ್ ಎ ಥಿಂಗ್ ದಟ್ ಡಸಂಟ್ ಮೂವ್."

"ಅದು ಮೂವ್ ಆಯ್ತಲ್ಲೇ, ಅದೇ ಈಗಿನ ಸಮಸ್ಯೆ."

"ಅಮ್ಮಾ!"

ಕೊನೆಗೆ, ಜೂನಿನಲ್ಲಿ, ಮಾಯಾಳೇ ಒಂದು ದಾರಿ ಹುಡುಕಿದಳು. ಹಳೆಯ ಕಾರಿಗೆ ಹೇಗೂ ಹತ್ತೊಂಬತ್ತು ವರ್ಷ. ಕ್ಯಾರಿಯ ಒಂದು ದುಬಾರಿ ಕಾರಿನ ಷೋರೂಮಿನಲ್ಲಿ ಹೊಸ ಸೆಡಾನನ್ನು ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ, ಮುನ್ನೂರೈವತ್ತು ಮೈಲಿ ಮೀರದಂತೆ, ಓಡಿಸಿ ನೋಡಲು ಕೊಡುತ್ತಿದ್ದರು. ಆ ಕಾರಿನಲ್ಲಿ ಓಡಿಸುವವರ ಮುಖವನ್ನು ನೋಡುತ್ತಿರುವ ಒಂದು ಪುಟ್ಟ ಕ್ಯಾಮೆರಾ. ನಿದ್ದೆ ಬಂದಂತೆ ಕಂಡರೆ ಪರದೆಯ ಮೇಲೆ ಕಾಫಿ ಕಪ್ಪಿನ ಚಿತ್ರ ಮೂಡಿ, ಸ್ವಲ್ಪ ಸುಧಾರಿಸಿಕೊಳ್ಳಿ ಎನ್ನುತ್ತದೆ.

"ನನ್ನ ಕಾರಲ್ಲೂ ಇದೆ ಅದು. ಎಷ್ಟು ಸಲ ಕಪ್ ಬಂತು ಅಂತ ಫೋನಲ್ಲಿ ಬರತ್ತೆ. ಆ ಕಾರನ್ನೂ ನನ್ನ ಫೋನಿಗೇ ಜೋಡಿಸ್ಕೋತೀನಿ. ಸಂಡೇವರೆಗೆ ನಾಲ್ಕಕ್ಕಿಂತ ಜಾಸ್ತಿ ಬಂದ್ರೆ ನೋ ಹೈವೇ, ನೋ ಟೀಚಿಂಗ್. ಕಮ್ಮಿ ಬಂದ್ರೆ ನಾನು ಇನ್ನು ಬಾಯೇ ತೆಗೆಯಲ್ಲ. ಡೀಲ್?"

ಕಾತ್ಯಾಯಿನಿ ಒಪ್ಪಿದರು. ಅವರ ನಲವತ್ತನಾಲ್ಕನೆಯ ಶಿಷ್ಯೆ ಶೈಲಜಾಳ ರೋಡ್ ಟೆಸ್ಟ್ ಮುಂದಿನ ಗುರುವಾರವಿತ್ತು. ಹೆದರಿಕೊಂಡೇ ಬ್ರೇಕು ತುಳಿಯುವ ಹುಡುಗಿ. ಅವಳ ಲೋಟ ಇನ್ನೂ ತುಳುಕುತ್ತಿತ್ತು. ಅಲ್ಲದೆ, ಮೂವತ್ತೇಳು ವರ್ಷದ ಸ್ಟೀರಿಂಗನ್ನು ಒಂದು ಮೇಲ್‌ಬಾಕ್ಸಿಗೆ ಬಿಟ್ಟುಕೊಡುವುದೆಂದರೇನು?

ಶುಕ್ರವಾರ ಷೋರೂಮಿನಲ್ಲಿ ವೆಂಡಲ್ ಎಂಬ ಸೇಲ್ಸ್‌ಮನ್ ಕಾರನ್ನು ಪರಿಚಯಿಸಿದ. ಬಣ್ಣ ನೇರಳೆ ಹಣ್ಣಿನದು. ಕಾತ್ಯಾಯಿನಿ ಇಪ್ಪತ್ತನಾಲ್ಕು ವರ್ಷ ಔಷಧಿ ಕಂಪನಿಯ ಲ್ಯಾಬಿನಲ್ಲಿದ್ದವರು. ಗೊತ್ತಿಲ್ಲದ ಯಂತ್ರ ಕಂಡರೆ ಸುತ್ತ ಒಂದು ಪ್ರದಕ್ಷಿಣೆ ಹಾಕದೆ ಮುಟ್ಟುವುದಿಲ್ಲ. ಬಾಗಿಲು ಯಾಕೆ ತಾನೇ ಮುಚ್ಚಿಕೊಳ್ಳುತ್ತದೆ, ಸೀಟಿನೊಳಗೆ ಬೆನ್ನು ಒತ್ತುವುದು ಗಾಳಿಯೋ ಉರುಳೆಯೋ, ಸ್ಟೆಪ್ನಿ ಎಲ್ಲಿ? ಸ್ಟೆಪ್ನಿ ಎಂದರೆ ಅವನಿಗೆ ತಿಳಿಯಲಿಲ್ಲ. ತಿಳಿದ ಮೇಲೆ, ಇಲ್ಲ ಎಂದ.

"ಬೆನ್ನು ಉಜ್ಜತ್ತಂತೆ, ಸ್ಟೆಪ್ನಿ ಇಲ್ವಂತೆ ರೀ," ಎಂದು ಕಾತ್ಯಾಯಿನಿ ಗಂಡನತ್ತ ತಿರುಗಿದರು. "ದಾರೀಲಿ ಪಂಕ್ಚರ್ ಆದ್ರೆ ಬೆನ್ನು ಉಜ್ಜಿಸ್ಕೊಂಡು ಕೂತಿರೋದಾ?"

ವೇಣುಗೋಪಾಲರು ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು, ಚಕ್ರದಡಿ ಇಡಲೆಂದು ಬಗ್ಗುವಷ್ಟರಲ್ಲಿ ಕಾತ್ಯಾಯಿನಿ ಕೈ ಹಿಡಿದೆಳೆದರು. "ರೀ, ಇದು ಬೇರೆಯವರ ಕಾರು. ಅದೂ ಅಲ್ದೆ ಈ ದೇಶದಲ್ಲಿ ಕೆಟ್ಟ ಕಾರಿಗೇ ಲೆಮನ್ ಅಂತಾರೆ. ಅವನ ಮುಂದೆ ತೆಗೀಬೇಡಿ, ಹೆದರ್ಕೋತಾನೆ." ನಿಂಬೆಹಣ್ಣು ಜೇಬಿಗೆ ಮರಳಿತು, ಸಂಜೆ ಚಿತ್ರಾನ್ನವಾಯಿತು.

ವೆಂಡಲ್ ಓಡಿಸುವವರ ಹೆಸರು ಕೇಳಿದ. ಕಾತ್ಯಾಯಿನಿ ಎರಡು ಸಲ ಹೇಳಿದರು. ಅವನು ಎರಡು ಸಲವೂ ನಕ್ಕು, ಮೂರನೆಯ ಸಲ ತನಗೆ ಬಂದಷ್ಟನ್ನು ಒತ್ತಿದ. ಅಂದಿನಿಂದ ಬಾಗಿಲು ತೆಗೆದಾಗಲೆಲ್ಲ ಕಾರು "ವೆಲ್ಕಮ್, ಕ್ಯಾಟ್" ಎನ್ನತೊಡಗಿತು. ಬೆಕ್ಕೆಂದು ಕರೆಸಿಕೊಂಡವರು ಕಪ್ ಹೋಲ್ಡರಿನಲ್ಲಿ ಮಜ್ಜಿಗೆ ಲೋಟ ಇಟ್ಟರು. ಸರಿಯಾಗಿ ಕೂತಿತು.

ಸ್ಟೀರಿಂಗಿನ ಹಿಂದಿದ್ದ ಕಪ್ಪು ಚುಕ್ಕೆಯನ್ನು ಬಗ್ಗಿ ನೋಡಿ ಕೇಳಿದರು, "ಇದು ನನ್ನನ್ನೇ ನೋಡ್ತಾ ಇರತ್ತಾ?"

ವೇಣುಗೋಪಾಲರು ವೆಂಡಲ್‌ಗೆ ಅನುವಾದಿಸಿ ಹೇಳಿದರು. ಅವನು ಎದೆಯುಬ್ಬಿಸಿ, ಒಂದು ಕ್ಷಣವೂ ಬಿಡದೆ ನೋಡುತ್ತದೆ, ಎಂದ.

"ಅಬ್ಬ! ಮದುವೆಯಾಗಿ ಮೂವತ್ತೆಂಟು ವರ್ಷ ಆಯ್ತು, ಇಷ್ಟು ಯಾರೂ ನೋಡಿರ್ಲಿಲ್ಲ," ಎಂದರು ಕಾತ್ಯಾಯಿನಿ.

ಶನಿವಾರ ಬೆಳಿಗ್ಗೆ ಇಬ್ಬರೂ ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡು ವಿಲ್ಮಿಂಗ್ಟನ್ನಿನ ಸಮುದ್ರಕ್ಕೆ ಹೊರಟರು. ಹೋಗಿ ಬರಲು ಇನ್ನೂರ ಎಪ್ಪತ್ತು ಮೈಲಿ, ಪೈನ್ ಮರಗಳ ನಡುವೆ ಗೀಟೆಳೆದಂಥ ಹೈವೇ. ಕಾರು ಓಡುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ಸದ್ದಿಲ್ಲ. ಆ ಮೌನವನ್ನು ವೇಣುಗೋಪಾಲರು ತುಂಬಿದರು.

"ಈಗ ನೋಡು ಕಾತೂ, ಎಕ್ಸಿಟ್ ನಂಬರ್ ಅನ್ನೋದು ಸುಮ್ನೆ ಕೊಟ್ಟಿದ್ದಲ್ಲ. ಅದು ಮೈಲಿ ಲೆಕ್ಕ. ಮುನ್ನೂರ ಇಪ್ಪತ್ತೆಂಟರಿಂದ ಮುನ್ನೂರ ನಲವತ್ತೊಂದಕ್ಕೆ..."

"ಹೂಂ," ಎಂದರು ಕಾತ್ಯಾಯಿನಿ. ಈ ಪಾಠವನ್ನು ಅವರು ಅಮೆರಿಕದ ನಾಲ್ಕು ದಿಕ್ಕಿನ ಹೈವೇಗಳಲ್ಲೂ ಕೇಳಿದ್ದರು.

ಪರದೆಯ ಮೇಲೆ ಹಬೆಯಾಡುವ ಕಾಫಿ ಕಪ್ಪು ಮೂಡಿತು.

"ನೋಡ್ರೀ, ಕಾಫಿ ಕೇಳ್ತಾ ಇದೆ ಕಾರು!"

ನಗುತ್ತಲೇ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಫ್ಲಾಸ್ಕಿನ ಕಾಫಿ ಅರ್ಧರ್ಧ ಲೋಟ ಕುಡಿದರು. ಹದಿನೈದು ಮೈಲಿ ದಾಟಿರಲಿಲ್ಲ, ಮತ್ತೆ ಕಪ್ಪು. "ಎರಡನೇ ಡೋಸಾ? ಥೇಟ್ ನಿಮ್ಮಪ್ಪನ ಥರ," ಎಂದರು ಕಾತ್ಯಾಯಿನಿ. ಮೂರನೆಯದು ಬಂದಾಗ ಯಾರೂ ನಗಲಿಲ್ಲ. ಸಮುದ್ರ ಕಾಣುವ ಹೊತ್ತಿಗೆ ಐದಾಗಿತ್ತು.

ಬೀಚಿನ ಹೆಸರು ರೈಟ್ಸ್‌ವಿಲ್. ಹಲಗೆಯ ಬೆಂಚಿನ ಮೇಲೆ ಇಬ್ಬರೂ ಕೂತರು. ಕಾತ್ಯಾಯಿನಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಹಿಂದಿನ ರಾತ್ರಿ ಪೂರ್ತಿ ಏಳು ಗಂಟೆಗಳ ಕಾಲ ನಿದ್ದೆ ಮಾಡಿದ್ದರು. ಕಣ್ಣು ಉರಿಯುತ್ತಿರಲಿಲ್ಲ. ಆಕಳಿಕೆಯೂ ಇಲ್ಲ. ಲ್ಯಾಬಿನಲ್ಲಿ ಯಂತ್ರ ಒಂದು ಅಂಕಿ ತೋರಿಸಿ ತಮ್ಮ ಕಣ್ಣು ಇನ್ನೊಂದು ಹೇಳಿದಾಗ ಅವರು ಯಾವತ್ತೂ ಯಂತ್ರವನ್ನೇ ನಂಬಿದವರು.

"ಅಂದ್ರೆ ನನಗೇ ಗೊತ್ತಾಗದ ಹಾಗೆ ನಿದ್ದೆ ಬರ್ತಿದೆಯೇನ್ರೀ? ಮೇಲ್‌ಬಾಕ್ಸ್ ದಿನಾನೂ ಹಾಗೇ ಆಗಿತ್ತೋ ಏನೋ."

ವೇಣುಗೋಪಾಲರು ಬಾಯಿ ತೆರೆದರು. ಬಲಗಡೆ ನೋಡಿದರು. ರೈಟ್ಸ್‌ವಿಲ್ ಎಂಬ ದೊಡ್ಡ ಬೋರ್ಡು. ಬಾಯಿ ಮುಚ್ಚಿಕೊಂಡು, "ಕಡಲೆಬೀಜ ತಿಂತೀಯಾ?" ಎಂದರು.

ವಾಪಸ್ಸು ಬರುವಾಗ ಅವರು ಹೆಂಡತಿಗೆ ನಿದ್ದೆ ಬರಬಾರದೆಂದು ಪಣ ತೊಟ್ಟರು. ಅಂದರೆ ಬಿಡುವಿಲ್ಲದೆ ಮಾತಾಡಿದರು. ಐನೂರಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆಗಳು, ಅವರ ಹಳೆಯ ಪ್ರಿನ್ಸಿಪಾಲರ ಜಿಪುಣತನ, ಮೈಸೂರಿನ ಹಳೆಯ ಬಾಡಿಗೆ ಮನೆಯ ನಲ್ಲಿ. ಕಾತ್ಯಾಯಿನಿ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಹೂಂ, ಹೂಂ ಎಂದರು. ಕಪ್ಪುಗಳು ಮೇಲಿಂದ ಮೇಲೆ ಬಂದವು. ಮನೆ ಸೇರಿದಾಗ ಹನ್ನೊಂದು. ಮಜ್ಜಿಗೆಯ ಲೋಟ ಮಾತ್ರ ಇನ್ನೂರ ಎಪ್ಪತ್ತು ಮೈಲಿಯಲ್ಲಿ ಒಂದು ಹನಿಯೂ ತುಳುಕಿರಲಿಲ್ಲ.

ಅದನ್ನೇ ನೋಡುತ್ತ ಕಾತ್ಯಾಯಿನಿ ಅಡುಗೆಮನೆಯಲ್ಲಿ ನಿಂತರು. ತೂಕಡಿಸುವ ಕೈಯಲ್ಲಿ ಮಜ್ಜಿಗೆ ಹೇಗೆ ಉಳಿಯಿತು? ಎರಡು ಯಂತ್ರ ಎರಡು ಥರ ಹೇಳಿದರೆ ಒಂದು ಸುಳ್ಳಿರಬೇಕು. ಲೋಟವೂ ಒಂದು ಯಂತ್ರವೇ. ಇಪ್ಪತ್ತು ವರ್ಷದಿಂದ ಸುಳ್ಳು ಹೇಳಿಲ್ಲ.

ಡ್ರಾಯರಿನಿಂದ ಒಂದು ನೋಟ್‌ಬುಕ್ ತೆಗೆದರು. ಲ್ಯಾಬಿನ ಪಾಠ ಅವರಿಗೆ ಮರೆತಿರಲಿಲ್ಲ. ಒಂದು ಸಲಕ್ಕೆ ಒಂದೇ ಸಂಗತಿ ಬದಲಾಯಿಸಬೇಕು. ಉಳಿದದ್ದು ಎಂಬತ್ತು ಮೈಲಿ.

ಭಾನುವಾರ ಬೆಳಿಗ್ಗೆ ಒಬ್ಬರೇ ಹೋದರು. ಊರಿನ ಹೊರವರ್ತುಲದ ಹೈವೇಯಲ್ಲಿ ಹದಿನೆಂಟು ಮೈಲಿ. ಕಪ್ಪು ಇಲ್ಲ. ಸೊನ್ನೆ ಬರೆದುಕೊಂಡರು.

ಎರಡನೆಯ ಸಲ ವೇಣುಗೋಪಾಲರನ್ನು ಕೂರಿಸಿಕೊಂಡರು.

"ಒಂದು ಮಾತೂ ಆಡ್ಬಾರ್ದು."

"ಯಾಕೆ?"

"ಇದೇ, ಈ ಮಾತೂ ಆಡ್ಬಾರ್ದು."

ಹದಿನೆಂಟು ಮೈಲಿ. ಎಕ್ಸಿಟ್ ಬೋರ್ಡುಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದಂತೆ ವೇಣುಗೋಪಾಲರ ಮುಖ ಕೆಂಪೇರಿತು. ಕುಕ್ಕರಿನ ವಿಷಲ್ ಹಿಡಿದಿಟ್ಟಂತೆ ಕೂತಿದ್ದರು. ಕಪ್ಪು ಸೊನ್ನೆ.

ಮೂರನೆಯ ಸಲ, "ಈಗ ಮಾತಾಡಿ" ಎಂದು ಅಪ್ಪಣೆಯಾಯಿತು. ಆ ಸಲ ಹಿಂದಿನ ಸೀಟಿನಲ್ಲಿ ಶೈಲಜಾಳೂ ಇದ್ದಳು. ಪಾಠಕ್ಕೆಂದು ಬಂದವಳನ್ನು ಕಾತ್ಯಾಯಿನಿ ಸಾಕ್ಷಿಗೆ ಹತ್ತಿಸಿಕೊಂಡಿದ್ದರು. "ನನ್ನನ್ನೇ ನೋಡ್ತಿರು. ಏನು ಕಾಣತ್ತೋ ಹಾಗೇ ಹೇಳು."

ವೇಣುಗೋಪಾಲರು ಬೆಳಗಿನಿಂದ ಕೂಡಿಟ್ಟದ್ದನ್ನೆಲ್ಲ ಒಮ್ಮೆಲೇ ಬಿಟ್ಟರು. ಹನ್ನೆರಡು ಮೈಲಿಗೆ ಮೂರು ಕಪ್ಪು.

"ಆಂಟಿ, ಒಂದು ಹೇಳ್ಲಾ? ಬೇಜಾರ್ ಮಾಡ್ಕೋಬಾರ್ದು," ಎಂದಳು ಶೈಲಜಾ.

"ಹೇಳೇ."

"ನೀವು ನಿದ್ದೆ ಮಾಡ್ತಿಲ್ಲ. ತಲೆ ಆಡಿಸ್ತಿದ್ದೀರ. ಅಂಕಲ್ ಒಂದು ಸೆಂಟೆನ್ಸ್ ಮುಗಿಸ್ತಿದ್ದ ಹಾಗೇ ಹೀಗೆ..." ಅವಳು ತಲೆಯನ್ನು ಎಡಕ್ಕೊಂದು, ಬಲಕ್ಕೊಂದು ವಾಲಿಸಿ, ಕಣ್ಣು ಅರೆಮುಚ್ಚಿ, ಸಂಗೀತ ಕಚೇರಿಯ ಮುಂದಿನ ಸಾಲಿನಲ್ಲಿ ಕೂತವರಂತೆ "ಹೂಂ" ಎಂದಳು. "ಪ್ರತಿ ಸಲ ಅಂತಲ್ಲ. ಉದ್ದ ಹೂಂ ಅಂದಾಗ ಬರತ್ತೆ ಕಪ್ಪು."

ಕಾತ್ಯಾಯಿನಿ ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಒಂದು ಪೆಟ್ರೋಲ್ ಬಂಕಿನ ಪಕ್ಕ ಗಾಡಿ ನಿಲ್ಲಿಸಿದರು. ನಗು ತಡೆಯಲಾಗಲಿಲ್ಲ. ತಲೆದೂಗುವುದಕ್ಕೂ ತೂಕಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ಈ ಕಾರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ! ಬೆನ್ನು ಉಜ್ಜುವುದನ್ನು ಕಲಿತ ಕಾರು ಮೈಸೂರಿನ ಒಂದು ಹೂಂ ಕಲಿತಿರಲಿಲ್ಲ.

ಆದರೂ ಪ್ರಯೋಗ ಪೂರ್ತಿಯಾಗಬೇಕಲ್ಲ. ನಾಲ್ಕನೆಯ ಸಲ, ಗಂಡ ಮಾತಾಡಬೇಕು, ತಾನು ತಲೆಯಾಡಿಸಬಾರದು. ಅವರು ಜೀವನದಲ್ಲಿ ಮಾಡಿದ ಕಷ್ಟದ ಡ್ರೈವಿಂಗ್ ಅದೇ ಇರಬೇಕು. ಕತ್ತನ್ನು ಕಂಬದಂತೆ ನಿಲ್ಲಿಸಿದರು. ಕಪ್ಪು ಬರಲಿಲ್ಲ. ಆದರೆ ಮೂರು ಮೈಲಿಗೇ ವೇಣುಗೋಪಾಲರು ತಡವರಿಸಿದರು.

"ಕೇಳ್ತಿದ್ದೀಯಾ?"

"ಕೇಳ್ತಿದ್ದೀನಿ. ಮಾತಾಡಿ."

"ಅದೇ, ಆಮೇಲೆ ಆ ನಲ್ಲಿ... ಕಾತೂ, ನಿಜವಾಗ್ಲೂ ಕೇಳ್ತಿದ್ದೀಯಾ?"

ನಾಲ್ಕನೆಯ ಮೈಲಿಗೆ ಮಾತು ನಿಂತೇಹೋಯಿತು. ಮೂವತ್ತೆಂಟು ವರ್ಷದಿಂದ ತನ್ನ ಮಾತು ಯಾವ ಪೆಟ್ರೋಲು ಹಾಕಿಕೊಂಡು ಓಡುತ್ತಿತ್ತು ಎಂಬುದು ಅವರಿಗೆ ಆಗ ಹೊಳೆದಿರಬೇಕು. ಕಿಟಕಿಯ ಕಡೆ ತಿರುಗಿಕೊಂಡು, ಎಂದೂ ಇಲ್ಲದಷ್ಟು ಮೆತ್ತಗೆ, "ಒಂದು ಸ್ವಲ್ಪ ಆಡ್ಸೇ," ಎಂದರು. ಕಾತ್ಯಾಯಿನಿ ಆಡಿಸಿದರು. ಕಪ್ಪು ಬಂತು. ಬಂದರೆ ಬರಲಿ.

ಸಂಜೆ ಮಾಯಾಳ ವಿಡಿಯೋ ಕಾಲ್. ಹಿಂದೆ ಅವಳ ಅಡುಗೆಮನೆ, ಕೈಯಲ್ಲಿ ಫೋನಿನ ಲೆಕ್ಕ. ಮುಖ ಸಪ್ಪಗಿತ್ತು.

"ಹದಿನೈದು, ಅಮ್ಮಾ. ನಾನು ನಾಲ್ಕು ಹೇಳಿದ್ದೆ. ಐ ಆಮ್ ಸಾರಿ. ರೂಲ್ ಈಸ್ ರೂಲ್."

ಕಾತ್ಯಾಯಿನಿ ನೋಟ್‌ಬುಕ್ಕಿನ ಪುಟವನ್ನು ಕ್ಯಾಮೆರಾಕ್ಕೆ ಹಿಡಿದು ಒಂದೊಂದೇ ಸಾಲು ವಿವರಿಸಿದರು. ಒಬ್ಬಳೇ ಇದ್ದಾಗ ಸೊನ್ನೆ. ಅಪ್ಪ ಮೌನವಾಗಿದ್ದಾಗ ಸೊನ್ನೆ. ಅಪ್ಪ ಮಾತಾಡಿದಾಗ ಮೂರು. ಮಾತಿದ್ದೂ ತಲೆಯಾಡಿಸದಿದ್ದಾಗ ಸೊನ್ನೆ. ಕೊನೆಗೆ ಆಡಿಸಿದ ತಕ್ಷಣ ಒಂದು.

ಲೆಕ್ಕ ಮಾಯಾಳ ಭಾಷೆ. ಅವಳು ಗಮನವಿಟ್ಟು ಕೇಳಿದಳು. ಅಮ್ಮನ ಒಂದೊಂದು ಸಾಲು ಮುಗಿದಾಗಲೂ, "ಓಕೆ... ಹೂಂ..." ಎನ್ನುತ್ತ ತಲೆಯನ್ನು ಎಡಕ್ಕೆ, ಬಲಕ್ಕೆ ವಾಲಿಸಿದಳು. ಕಣ್ಣು ಅರೆಮುಚ್ಚಿತು.

ಕಾತ್ಯಾಯಿನಿ ಅರ್ಧಕ್ಕೇ ನಿಲ್ಲಿಸಿದರು. ಪರದೆಯ ಮೂಲೆಯಲ್ಲಿ ತನ್ನದೇ ಚಿತ್ರ ಕಂಡು ಮಾಯಾಳೂ ನಿಂತಳು. ತಲೆ ಇನ್ನೂ ಒಂದು ಬದಿಗೆ ವಾಲಿಕೊಂಡೇ ಇತ್ತು.

"ವೇಟ್. ಆಮ್ ಐ ಡೂಯಿಂಗ್ ಇಟ್?"

"ಮಾಡ್ತಿದ್ದೀಯಲ್ಲೇ, ತಲೆಯಾಡಿಸೋ ಗೊಂಬೆ ಥರ!"

"ಓ ಮೈ ಗಾಡ್. ಅಮ್ಮಾ, ನನ್ನ ಕಾರಲ್ಲಿ ಕಪ್ ಬರೋದು ನಿನ್ ಜೊತೆ ಫೋನಲ್ಲಿ ಮಾತಾಡೋವಾಗ್ಲೇ! ನಾನು ಅದನ್ನ ಸರ್ವಿಸ್‌ಗೆ ತಗೊಂಡು ಹೋಗಿದ್ದೆ. ಎರಡು ಸಲ!"

ಮೂವರೂ ನಕ್ಕರು. ನಕ್ಕು ಮುಗಿದ ಮೇಲೂ ಮಾಯಾಳ ಹುಬ್ಬು ಪೂರ್ತಿ ಸಡಿಲಲಿಲ್ಲ. "ಫೈನ್. ಆದ್ರೆ ಮೇಲ್‌ಬಾಕ್ಸ್? ಅದಕ್ಕೆ ನೀನು ತಲೆ ಆಡಿಸಿರ್ಲಿಲ್ಲ ತಾನೆ?"

ಕಾತ್ಯಾಯಿನಿ ನೋಟ್‌ಬುಕ್ ಮುಚ್ಚಿಟ್ಟರು. ಅವರ ಭುಜದ ಹಿಂದಿನಿಂದ ವೇಣುಗೋಪಾಲರ ಮುಖ ಪರದೆಯೊಳಕ್ಕೆ ಬಂತು.

"ಮಾಯಾ, ಅದು ನಾನು ಪುಟ್ಟಾ. ನಾನು ಹಿಂದೆ ನಿಂತು ರೈಟ್ ರೈಟ್ ಅಂತ ಕೂಗಿದೆ. ನಮ್ಮೂರಲ್ಲಿ ಹಾಗಂದ್ರೆ ಬಸ್ಸು ಹೊರಡತ್ತೆ. ಇವಳು ಹೊರಟ್ಳು. ಇವಳದ್ದು ರೈಟು. ನನ್ನ ರೈಟೇ ರಾಂಗು."

"ಅಪ್ಪ! ಯು ಲೆಟ್ ಹರ್ ಟೇಕ್ ದ ಬ್ಲೇಮ್? ಮೂರು ತಿಂಗಳು?"

"ಹೂಂ," ಎಂದರು ವೇಣುಗೋಪಾಲರು. ಚಿಕ್ಕ ಹೂಂ. ಕಪ್ಪು ಬಾರದಂಥದ್ದು.

ಮಾಯಾ ಫೋನಿನ ಲೆಕ್ಕವನ್ನು ಪಕ್ಕಕ್ಕಿಟ್ಟಳು. ಗುರುವಾರ ಶೈಲಜಾಳ ಟೆಸ್ಟಿಗೆ ಅಮ್ಮನೇ ಹೋಗಲಿ, ಹೈವೇಯೂ ಇರಲಿ, ರಿವರ್ಸ್ ತೆಗೆಯುವಾಗ ಮಾತ್ರ ಅಪ್ಪ ಮನೆಯೊಳಗಿರಲಿ ಎಂದಳು.

ಸೋಮವಾರ ಬೆಳಿಗ್ಗೆ ಕಾತ್ಯಾಯಿನಿ ಕಾರು ಹಿಂದಿರುಗಿಸಿದರು. ವೇಣುಗೋಪಾಲರು ಹಳೆಯ ಕಾರಿನಲ್ಲಿ, ಊರೊಳಗಿನ ದಾರಿಯಲ್ಲಿ, ಹಿಂದೆಯೇ ಬಂದಿದ್ದರು. ಇಷ್ಟವಾಯಿತೇ ಎಂದು ವೆಂಡಲ್ ಕೇಳಿದ. ಕಾತ್ಯಾಯಿನಿ ತಲೆಯನ್ನು ಎಡಕ್ಕೊಂದು, ಬಲಕ್ಕೊಂದು ಆಡಿಸಿದರು. ಅದು ಹೌದೋ ಅಲ್ಲವೋ ತಿಳಿಯದೆ ಅವನು ಕಾರಿನ ಕಡೆ ನೋಡಿದ. ಕಾರಿಗೂ ತಿಳಿದಿರಲಿಲ್ಲ.

ಹಳೆಯ ಕಾರಿನಲ್ಲಿ ಸೀಟು ಬದಲಾಯಿಸಿಕೊಂಡು, ಲೋಟವನ್ನು ಅದರ ಜಾಗದಲ್ಲಿಟ್ಟು, ಕಾತ್ಯಾಯಿನಿ ರಸ್ತೆಗಿಳಿದರು. ಎರಡು ಸಿಗ್ನಲ್ ದಾಟಿದ ಮೇಲೆ ವೇಣುಗೋಪಾಲರು ಹೆಂಡತಿಯತ್ತ ತಿರುಗಿದರು. ಏನೋ ಕೊರೆಯುತ್ತಿತ್ತು.

"ಕಾತೂ, ಒಂದು ಕೇಳ್ತೀನಿ, ನಿಜ ಹೇಳು. ಇಷ್ಟು ವರ್ಷ ನಾನು ಮಾತಾಡೋವಾಗ ನೀನು ತಲೆದೂಗ್ತಿದ್ಯಾ? ಇಲ್ಲಾ, ಆ ಕಾರು ಹೇಳಿದ ಹಾಗೆ, ತೂಕಡಿಸ್ತಿದ್ಯಾ?"

ಕಾತ್ಯಾಯಿನಿ ರಸ್ತೆಯಿಂದ ಕಣ್ಣು ತೆಗೆಯದೆ, ಹೈವೇಯ ರ್‍ಯಾಂಪಿನತ್ತ ಇಂಡಿಕೇಟರ್ ಹಾಕಿ, ಉದ್ದಕ್ಕೆ "ಹೂಂ" ಎಂದರು.